ಈ ಹುಡುಗಿಗೆ ಯಾವಾಗಲೂ ಸುಸ್ತು



ಅರುವತ್ತು ದಾಟಿದವರು "ಯಾಕೋ ಸುಸ್ತು" ಎಂದರೆ ನಾವು ಕೂಡಲೇ ಡಾಕ್ಟರರ ಬಳಿಗೆ ಕರೆದೊಯ್ಯುತ್ತೇವೆ. ಇಪ್ಪತ್ತರ ಹುಡುಗಿ ಅದೇ ಮಾತು ಹೇಳಿದರೆ ಸಿಗುವ ಉತ್ತರವೇ ಬೇರೆ. "ನಿನ್ನ ಪ್ರಾಯದಲ್ಲಿ ನಾನು ಇಬ್ಬರು ಮಕ್ಕಳನ್ನು ಹೆತ್ತು, ಬಾವಿಯಿಂದ ನೀರು ಸೇದಿ, ಮನೆ ತುಂಬಾ ಜನರಿಗೆ ಅಡುಗೆ ಮಾಡುತ್ತಿದ್ದೆ" ಎಂದು ಉಮ್ಮ ಹೇಳುತ್ತಾರೆ. "ಮೊಬೈಲ್ ಬದಿಗಿಡು, ಸುಸ್ತು ತಾನಾಗಿ ಹೋಗುತ್ತದೆ" ಎಂದು ತಂದೆ ಹೇಳುತ್ತಾರೆ. ಮದುವೆಯಾಗಿ ಹೋದ ಮನೆಯಲ್ಲಾದರೆ ಮಾತು ಇನ್ನೂ ಹರಿತ. ಅಲ್ಲಿ ಸುಸ್ತಿಗೆ ಸೋಮಾರಿತನವೆಂಬ ಹೆಸರು ಬೀಳುತ್ತದೆ. ಒಮ್ಮೆ ಬಿದ್ದ ಆ ಹೆಸರನ್ನು ಅಳಿಸಲು ಸೊಸೆಯಾದವಳಿಗೆ ವರ್ಷಗಳೇ ಬೇಕಾಗುತ್ತವೆ.

ನನ್ನ ತರಗತಿಯಲ್ಲಿ ಪ್ರತಿ ವರ್ಷ ಮೂರ್ನಾಲ್ಕು ಹುಡುಗಿಯರು ಮಧ್ಯಾಹ್ನದ ನಂತರ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಅವರಲ್ಲಿ ರಾತ್ರಿ ನಿದ್ದೆಗೆಟ್ಟವರೂ ಇರುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸರಿಯಾಗಿ ನಿದ್ದೆ ಮಾಡಿ ಬಂದವಳೂ ಎರಡು ಮಹಡಿ ಹತ್ತುವಾಗ ನಿಂತು ಉಸಿರೆಳೆದುಕೊಳ್ಳುತ್ತಿದ್ದರೆ, ಅವಳನ್ನು ಗದರಿಸುವ ಮೊದಲು ಕೆಳಗಿನ ಕಣ್ರೆಪ್ಪೆಯನ್ನು ಸ್ವಲ್ಪ ಎಳೆದು ನೋಡಬೇಕು. ಒಳಭಾಗ ಕೆಂಪಗಿರಬೇಕಾದಲ್ಲಿ ಬಿಳಿಚಿಕೊಂಡಿದ್ದರೆ ಅದು ಸೋಮಾರಿತನದ ಬಣ್ಣವಲ್ಲ.

ಎರಡು ಮೂರು ವಾರ ಕಳೆದರೂ ಬಿಡದ, ವಿಶ್ರಾಂತಿ ಪಡೆದರೂ ಕಡಿಮೆಯಾಗದ ಸುಸ್ತಿಗೆ ಬಹಳಷ್ಟು ಸಲ ಹೆಸರಿರುವ ಒಂದು ಕಾರಣವಿರುತ್ತದೆ. ಆ ಕಾರಣವನ್ನು ಹೆಚ್ಚಾಗಿ ಸಾಮಾನ್ಯ ರಕ್ತ ಪರೀಕ್ಷೆಯಿಂದಲೇ ಕಂಡು ಹಿಡಿಯಬಹುದು. ಆದರೆ ನಾವು ಮಾಡುವುದು ಮೆಡಿಕಲ್ ಅಂಗಡಿಗೆ ಹೋಗಿ "ಶಕ್ತಿಗೆ ಒಂದು ಟಾನಿಕ್ ಕೊಡಿ" ಎನ್ನುವುದು. ಬಾಟಲಿ ಮುಗಿಯುತ್ತದೆ, ಸುಸ್ತು ಮುಗಿಯುವುದಿಲ್ಲ. ಕೆಲವರು ದೃಷ್ಟಿ ತಾಗಿದೆಯೆಂದು ನೀರು ಊದಿಸಿಕೊಂಡು ಬರುತ್ತಾರೆ. ನಾನು ಮದ್ರಸದಲ್ಲಿ ಕಲಿತವಳು, ಪ್ರಾರ್ಥನೆಯನ್ನು ಬೇಡವೆನ್ನುವವಳಲ್ಲ. ಆದರೆ ಪ್ರಾರ್ಥಿಸುವವಳು ರಕ್ತ ಪರೀಕ್ಷೆ ಮಾಡಿಸಬಾರದೆಂದು ಯಾವ ಉಸ್ತಾದರೂ ನನಗೆ ಕಲಿಸಿಲ್ಲ.

ಮೊದಲಿಗೆ ರಕ್ತಹೀನತೆ. ಇದು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಕಾಯಿಲೆಯೆಂದು ಕರೆಯುವುದನ್ನೇ ಮರೆತಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡಾ 47.8. ಅಂದರೆ ನಮ್ಮ ರಾಜ್ಯದ ಯಾವುದೇ ಮದುವೆ ಮನೆಯ ಹೆಂಗಸರ ಪಂಕ್ತಿಯಲ್ಲಿ ಹೆಚ್ಚು ಕಡಿಮೆ ಎರಡನೆಯವಳೆಲ್ಲ ರಕ್ತ ಕಡಿಮೆಯಿರುವವಳೇ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಗರ್ಭಿಣಿಗೆ ಈ ಮಿತಿ 11, ಗಂಡಸರಿಗೆ 13. "ನನಗೆ ಯಾವಾಗಲೂ ಒಂಬತ್ತೇ, ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೆಯೇ" ಎಂದು ನಗುತ್ತಾ ಹೇಳುವ ಸಹೋದರಿಯರನ್ನು ನಾನು ಕಂಡಿದ್ದೇನೆ. ಎಲ್ಲರಿಗೂ ಇದ್ದ ಮಾತ್ರಕ್ಕೆ ಒಂಬತ್ತು ಹನ್ನೆರಡಾಗುವುದಿಲ್ಲ.

ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದನ್ನು ತಯಾರಿಸಲು ಕಬ್ಬಿಣಾಂಶ ಬೇಕು. ಹೆಣ್ಣು ಮಕ್ಕಳು ಪ್ರತಿ ತಿಂಗಳೂ ಮುಟ್ಟಿನಲ್ಲಿ ಈ ಕಬ್ಬಿಣವನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕೆಂದಿದ್ದರೆ ಹೆಂಗಸಿಗೆ 29 ಮಿಲಿಗ್ರಾಂ ಬೇಕೆಂದು ಹೇಳಿದೆ. ಈಗ ನಮ್ಮ ಊಟದ ಕ್ರಮವನ್ನು ನೆನಪಿಸಿಕೊಳ್ಳಿ. ಮೊದಲು ಗಂಡಸರು, ನಂತರ ಮಕ್ಕಳು, ನಂತರ ಅತ್ತೆ, ಕೊನೆಗೆ ಸೊಸೆ. ಮಾಂಸದ ತುಂಡುಗಳೆಲ್ಲ ಮುಗಿದು ಪಾತ್ರೆಯ ತಳದಲ್ಲಿ ಸಾರು ಉಳಿದಿರುವ ಹೊತ್ತಿಗೆ, ಹೆಚ್ಚು ಕಬ್ಬಿಣ ಬೇಕಾದವಳು ಊಟಕ್ಕೆ ಕೂರುತ್ತಾಳೆ. "ನಾವು ಮಾಂಸ ತಿನ್ನುವವರು, ನಮಗೆಲ್ಲಿಂದ ರಕ್ತ ಕಡಿಮೆ?" ಎಂದು ಕೇಳುವವರು ಅದು ಯಾರ ತಟ್ಟೆಗೆ ಎಷ್ಟು ಬಿತ್ತೆಂದೂ ಕೇಳಿಕೊಳ್ಳಬೇಕು.

ಕಬ್ಬಿಣ ಕಡಿಮೆಯಾದಾಗ ಸುಸ್ತಿನ ಜೊತೆ ಬೇರೆ ಗುರುತುಗಳೂ ಇರುತ್ತವೆ. ಕೂದಲು ಉದುರುವುದು, ಉಗುರು ಚಪ್ಪಟೆಯಾಗಿ ಚಮಚದಂತೆ ಗುಳಿ ಬೀಳುವುದು, ಎದೆ ಬಡಿತ ಜೋರಾಗುವುದು, ರಾತ್ರಿ ಮಲಗಿದಾಗ ಕಾಲು ಸುಮ್ಮನಿರಲಾರದೆ ಅಲ್ಲಾಡಿಸಬೇಕೆನಿಸುವುದು. ಇನ್ನೊಂದು ಗುರುತನ್ನು ನಾವು ಕೆಟ್ಟ ಚಟವೆಂದು ಬೈದು ಬಿಡುತ್ತೇವೆ. ಡಬ್ಬಿಯಿಂದ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುವುದು, ಸೀಮೆಸುಣ್ಣ, ಮಣ್ಣು ಅಥವಾ ಫ್ರಿಜ್ಜಿನ ಐಸ್ ತಿನ್ನಬೇಕೆನಿಸುವುದು. ನಿಮ್ಮ ಮಗಳು ಕದ್ದು ಅಕ್ಕಿ ತಿನ್ನುತ್ತಿದ್ದರೆ ಕೈಗೆ ಹೊಡೆಯಬೇಡಿ, ಹಿಮೋಗ್ಲೋಬಿನ್ ಪರೀಕ್ಷಿಸಿ. ಕಬ್ಬಿಣ ತುಂಬಿದರೆ ಆ ಆಸೆ ಎಷ್ಟೋ ಸಲ ತಾನಾಗಿ ಹೋಗುತ್ತದೆ.

ಹೆಣ್ಣು ಮಕ್ಕಳು ಮುಟ್ಟಿನ ವಿಷಯವನ್ನು ತಾಯಿಯ ಬಳಿಯೂ ಸರಿಯಾಗಿ ಹೇಳುವುದಿಲ್ಲ. ಏಳು ದಿನಕ್ಕಿಂತ ಹೆಚ್ಚು ಸ್ರಾವವಾಗುವುದು, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ದೊಡ್ಡ ಗಡ್ಡೆಗಳು ಬೀಳುವುದು ಸಹಜವಲ್ಲ. ಇಂತಹವರಿಗೆ ಕಬ್ಬಿಣದ ಮಾತ್ರೆ ಮಾತ್ರ ಕೊಟ್ಟರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಮೊದಲು ಸ್ತ್ರೀರೋಗ ತಜ್ಞೆಗೆ ತೋರಿಸಬೇಕು. "ಮದುವೆಯಾಗದ ಹುಡುಗಿಯನ್ನು ಅಲ್ಲಿಗೆ ಕರೆದೊಯ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ?" ಎಂದು ಹಿಂಜರಿಯುವ ತಾಯಂದಿರಿದ್ದಾರೆ. ನೋಡಿದವರು ಏನು ಬೇಕಾದರೂ ಅಂದುಕೊಳ್ಳಲಿ, ರಕ್ತ ಹರಿಯುತ್ತಿರುವುದು ನಿಮ್ಮ ಮಗಳದ್ದು.

ಇನ್ನೊಂದು ಸೂಕ್ಷ್ಮವಿದೆ. ಹಿಮೋಗ್ಲೋಬಿನ್ 12ರ ಮೇಲಿದ್ದರೂ ಶರೀರದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಈ ದಾಸ್ತಾನನ್ನು ಅಳೆಯುವ ಪರೀಕ್ಷೆಗೆ ಫೆರಿಟಿನ್ ಎನ್ನುತ್ತಾರೆ. ಫ್ರಾನ್ಸಿನಲ್ಲಿ ರಕ್ತಹೀನತೆಯಿಲ್ಲದ, ಆದರೆ ಫೆರಿಟಿನ್ ಕಡಿಮೆಯಿದ್ದು ಕಾರಣ ತಿಳಿಯದ ಸುಸ್ತಿನಿಂದ ಬಳಲುತ್ತಿದ್ದ 198 ಮಹಿಳೆಯರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಮಂದಿಗೆ 12 ವಾರ ಕಬ್ಬಿಣದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಬ್ಬಿಣ ಪಡೆದವರ ಸುಸ್ತು ಹೆಚ್ಚು ಇಳಿದಿತ್ತು. ಹಾಗಾಗಿ ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಬಿಡದಿದ್ದರೆ ಫೆರಿಟಿನ್ ಬಗ್ಗೆ ಡಾಕ್ಟರರಲ್ಲಿ ವಿಚಾರಿಸಿ.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಬಣ್ಣದ ಲೆಕ್ಕಾಚಾರ ಹೆಚ್ಚು. ಬೀಟ್‌ರೂಟ್ ಕೆಂಪಗಿದೆ, ದಾಳಿಂಬೆ ಕೆಂಪಗಿದೆ, ಆದ್ದರಿಂದ ರಕ್ತವಾಗುತ್ತದೆ ಎಂಬ ನಂಬಿಕೆ. ಖರ್ಜೂರ ಒಳ್ಳೆಯದೇ, ಆದರೆ ದಿನಕ್ಕೆ ಮೂರು ಖರ್ಜೂರದಿಂದ ಎರಡು ಮಿಲಿಗ್ರಾಂ ಕಬ್ಬಿಣ ಕೂಡ ಬರುವುದಿಲ್ಲ. ನಿಜವಾಗಿ ಪ್ರಯೋಜನವಾಗುವುದು ಲಿವರ್, ಮಾಂಸ, ಮೀನು, ಮರುವಾಯಿ. ಇವುಗಳ ಕಬ್ಬಿಣ ಶರೀರಕ್ಕೆ ಸುಲಭವಾಗಿ ಸೇರುತ್ತದೆ. ಹುರುಳಿ, ಕಡಲೆ, ಸೊಪ್ಪುಗಳಲ್ಲಿಯೂ ಕಬ್ಬಿಣವಿದೆ, ಆದರೆ ಅದು ಸೇರಲು ಲಿಂಬೆ, ನೆಲ್ಲಿಕಾಯಿ, ಪೇರಳೆಯಂತಹ ಹುಳಿ ಹಣ್ಣಿನ ಸಹಾಯ ಬೇಕು. ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಚಹಾ ಬಿಡಿ ಎಂದರೆ ನಮ್ಮಲ್ಲಿ ಯಾರೂ ಈ ಪುಟವನ್ನು ಮುಂದೆ ಓದಲಿಕ್ಕಿಲ್ಲ! ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಟ್ಟರೆ ಸಾಕು.

ಆದರೆ ಒಮ್ಮೆ ರಕ್ತ ಕಡಿಮೆಯಾದ ಮೇಲೆ ಆಹಾರ ಮಾತ್ರ ಸಾಲದು, ಮಾತ್ರೆ ಬೇಕೇ ಬೇಕು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ. ಇದಕ್ಕೆ ಹೆದರಿ ಹತ್ತು ದಿನಕ್ಕೇ ಬಿಟ್ಟುಬಿಡುವವರು ಹೆಚ್ಚು. ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು, ದಿನ ಬಿಟ್ಟು ದಿನ ಕೊಡಬಹುದು, ಡಾಕ್ಟರರಿಗೆ ಹೇಳಿದರೆ ದಾರಿಯಿದೆ. ಹಿಮೋಗ್ಲೋಬಿನ್ ಸರಿಯಾದ ಮೇಲೆಯೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯೇ. ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗಿಗೆ ಅದು ವಾಂತಿ ಬರಿಸುತ್ತದೆ. ಒಬ್ಬಳು ವಾಂತಿ ಮಾಡಿದರೆ ಮರು ವಾರ ಹತ್ತು ಮಾತ್ರೆಗಳು ಕಿಟಕಿಯ ಹೊರಗೆ ಬಿದ್ದಿರುತ್ತವೆ. ಊಟದ ನಂತರ ತಿನ್ನಿಸಿದರೆ ಈ ತೊಂದರೆ ಬಹಳ ಕಡಿಮೆ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ, ಕೊಕ್ಕೆಹುಳಗಳು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತವೆ. ಕಬ್ಬಿಣದ ಮಾತ್ರೆಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿಯೆಂದು ತಿಂದರೆ ಜೀವಕ್ಕೇ ಅಪಾಯ.

ಗಂಡು ಮಕ್ಕಳಲ್ಲಿ ರಕ್ತ ಕಡಿಮೆಯೆಂದು ಕಂಡರೆ ಇನ್ನಷ್ಟು ಎಚ್ಚರ ಬೇಕು. ಅವರಿಗೆ ಮುಟ್ಟಿಲ್ಲ. ಹಾಗಾದರೆ ರಕ್ತ ಹೋಗುತ್ತಿರುವುದೆಲ್ಲಿ? ಮೂಲವ್ಯಾಧಿ, ಹೊಟ್ಟೆ ಹುಣ್ಣು, ಪದೇ ಪದೇ ನುಂಗುವ ನೋವಿನ ಮಾತ್ರೆಗಳಿಂದಾಗುವ ಒಳ ಸ್ರಾವ, ಹೀಗೆ ಕಾರಣ ಹುಡುಕಲೇಬೇಕು.

ಕಬ್ಬಿಣ ಎಷ್ಟು ತಿಂದರೂ ಹಿಮೋಗ್ಲೋಬಿನ್ ಹತ್ತು ಹನ್ನೊಂದರಲ್ಲೇ ನಿಲ್ಲುವವರಿದ್ದಾರೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಂ.ಸಿ.ವಿ. ಎಂಬ ಒಂದು ಸಾಲಿರುತ್ತದೆ, ಅದು ಕೆಂಪು ರಕ್ತಕಣದ ಗಾತ್ರ. ಅದು ಬಹಳ ಚಿಕ್ಕದಿದ್ದು ಕಬ್ಬಿಣ ಸಾಕಷ್ಟಿದ್ದರೆ ಥಲಸೇಮಿಯಾ ವಾಹಕರಾಗಿರುವ ಸಾಧ್ಯತೆಯಿದೆ. ವಾಹಕರು ರೋಗಿಗಳಲ್ಲ. ಅವರು ಎಲ್ಲರಂತೆ ಬದುಕುತ್ತಾರೆ, ಅವರ ಸುಸ್ತಿಗೆ ಬೇರೆ ಕಾರಣವೇ ಇರಬಹುದು. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲೊಂದು ಪಾಲು ಸಂಭವ, ಮಗು ಜೀವನವಿಡೀ ರಕ್ತ ಹಾಕಿಸಿಕೊಳ್ಳಬೇಕಾದ ಥಲಸೇಮಿಯಾದೊಂದಿಗೆ ಹುಟ್ಟಬಹುದು. ನಮ್ಮಲ್ಲಿ ಮಾವನ ಮಗ, ಚಿಕ್ಕಪ್ಪನ ಮಗಳು ಎಂದು ಸಂಬಂಧದಲ್ಲೇ ಮದುವೆ ಮಾಡುವ ಮನೆಗಳು ಬಹಳ. ಒಂದೇ ಕುಟುಂಬದಲ್ಲಿ ಈ ಗುಣ ಹರಿದು ಬಂದಿದ್ದರೆ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮಾತುಕತೆಗೆ ಕೂರುವ ಮೊದಲು ಹಿಮೋಗ್ಲೋಬಿನ್ ಎ2 ಪರೀಕ್ಷೆಯನ್ನು ಇಬ್ಬರಿಗೂ ಮಾಡಿಸಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಥೈರಾಯ್ಡ್ ಬಗ್ಗೆ ಈಗ ಎಲ್ಲರಿಗೂ ತಿಳಿದಿದೆ, ಆದರೂ ಒಂದು ಮಾತು ಹೇಳಲೇಬೇಕು. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಈ ಗ್ರಂಥಿ ಮಂದವಾದರೆ ಶರೀರವೆಲ್ಲ ಮಂದವಾಗುತ್ತದೆ. ಸುಸ್ತು, ಮೈ ಭಾರ, ಚಳಿ ತಡೆಯದಿರುವುದು, ಒಣ ಚರ್ಮ, ಮಲಬದ್ಧತೆ, ಮುಟ್ಟಿನ ಏರುಪೇರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಟಿ.ಎಸ್.ಎಚ್. ಎಂಬ ಪರೀಕ್ಷೆಯಿಂದ ತಿಳಿಯುತ್ತದೆ, ಬೆಳಿಗ್ಗೆ ಬರಿ ಹೊಟ್ಟೆಗೆ ತೆಗೆದುಕೊಳ್ಳುವ ಒಂದು ಚಿಕ್ಕ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಕಷ್ಟವಿರುವುದು ಮಾತ್ರೆಯಲ್ಲಲ್ಲ, ಅದನ್ನು ಮುಚ್ಚಿಡುವುದರಲ್ಲಿ. "ಥೈರಾಯ್ಡ್ ಇದೆಯೆಂದು ಗೊತ್ತಾದರೆ ಸಂಬಂಧ ಬರುವುದಿಲ್ಲ" ಎಂದು ಹೆತ್ತವರು ಮಗಳಿಗೆ ಬಾಯಿ ಮುಚ್ಚಿಸಿ ಕಳಿಸುತ್ತಾರೆ. ಗಂಡನ ಮನೆಯಲ್ಲಿ ಬೆಳಿಗ್ಗೆ ಎಲ್ಲರ ಕಣ್ಣ ಮುಂದೆ ಮಾತ್ರೆ ನುಂಗುವುದು ಹೇಗೆ? ಅವಳು ಬಿಟ್ಟುಬಿಡುತ್ತಾಳೆ. ಎರಡು ತಿಂಗಳಲ್ಲಿ ಸುಸ್ತು ಮರಳುತ್ತದೆ, ಸೋಮಾರಿ ಎಂಬ ಹೆಸರು ಬರುತ್ತದೆ, ಅಷ್ಟರಲ್ಲಿ ಅವಳು ಗರ್ಭಿಣಿ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಮಾತ್ರೆ ನಿಂತಿರುವುದು ಆ ತಿಂಗಳುಗಳಲ್ಲೇ. ವರನ ಕಡೆಯವರಿಗೆ ಮೊದಲೇ ಹೇಳಿ. ಒಂದು ಮಾತ್ರೆಗೆ ಹೆದರಿ ಹಿಂದೆ ಸರಿಯುವ ಮನೆಯಾದರೆ ಸರಿಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದರೊಂದಿಗೆ ತೆಗೆದುಕೊಳ್ಳಬಾರದು, ನಾಲ್ಕು ಗಂಟೆಯ ಅಂತರ ಬೇಕು. ರಮಝಾನ್‌ನಲ್ಲಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ತಿಂಗಳು ಆರಂಭವಾಗುವ ಮೊದಲೇ ಡಾಕ್ಟರರಲ್ಲಿ ಕೇಳಿಟ್ಟುಕೊಳ್ಳಿ.

ಸೊಂಟ ನೋವು, ತೊಡೆಗಳಲ್ಲಿ ಬಲವಿಲ್ಲದಿರುವುದು, ನೆಲದಿಂದ ಏಳುವಾಗ ಕೈಯೂರಬೇಕಾಗುವುದು ಸುಸ್ತಿನ ಜೊತೆಗಿದ್ದರೆ ವಿಟಮಿನ್ ಡಿ ಕೊರತೆಯಿರಬಹುದು. ಇದು ಚರ್ಮದ ಮೇಲೆ ಬಿಸಿಲು ಬಿದ್ದಾಗ ಶರೀರದಲ್ಲೇ ತಯಾರಾಗುವಂಥದ್ದು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಆಗುವುದಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಇದನ್ನು ಹಿಡಿದು ನಮ್ಮ ಉಡುಪನ್ನು ದೂರುವವರಿದ್ದಾರೆ. ಹಾಗಾದರೆ ಬಿಸಿಲಿಗೆ ಬಾರದೆ ದಿನವಿಡೀ ಕಚೇರಿಯೊಳಗೆ ಕೂರುವ ಗಂಡಸರಲ್ಲಿಯೂ ಈ ಕೊರತೆ ಕಾಣುವುದೇಕೆ? ಪರದೆ ಪಾಲಿಸುವವಳಿಗೆ ತನ್ನ ಮನೆಯ ತಾರಸಿ, ಹಿತ್ತಿಲು ಇದೆ. ಬಟ್ಟೆ ಒಣಗಿಸುವ ಹೊತ್ತಿನಲ್ಲಿ, ನೆರಳು ನಮಗಿಂತ ಗಿಡ್ಡವಾಗಿರುವಾಗ, ತೋಳು ಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಫ್ಲಾಟಿನಲ್ಲಿ ಅದೂ ಸಾಧ್ಯವಿಲ್ಲದಿದ್ದರೆ ಪರೀಕ್ಷೆ ಮಾಡಿಸಿ ಔಷಧ ತೆಗೆದುಕೊಳ್ಳಬೇಕು. ವಾರಕ್ಕೊಂದರಂತೆ ಕೊಡುವ 60,000 ಯೂನಿಟ್‌ನ ಪುಡಿಯನ್ನು ದಿನಕ್ಕೊಂದರಂತೆ ತಿಂದು ತೊಂದರೆಗೆ ಸಿಲುಕಬೇಡಿ. ಹೆಚ್ಚಾದ ವಿಟಮಿನ್ ಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಇನ್ನು ಕೆಲವನ್ನು ತಡಮಾಡದೆ ನೋಡಬೇಕು. ಸುಸ್ತಿನ ಜೊತೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ದಿನೇ ದಿನೇ ತೂಕ ಇಳಿಯುವುದು ಕಂಡರೆ ಅಂದೇ ಸಕ್ಕರೆ ಪರೀಕ್ಷಿಸಿ. ಮಧುಮೇಹ ವಯಸ್ಸಾದವರ ಕಾಯಿಲೆಯಾಗಿ ಉಳಿದಿಲ್ಲ, ಹದಿಹರೆಯದಲ್ಲೇ ಇನ್ಸುಲಿನ್ ಬೇಕಾಗುವ ವಿಧವೂ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯದ ಪರೀಕ್ಷೆಯಾಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ, ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಕೀಲು ನೋವು ಬಂದು ಹೋಗಿದ್ದ ಹುಡುಗಿಗೆ ಈಗ ನಡೆದರೆ ಏದುಸಿರು ಬರುತ್ತಿದ್ದರೆ ಹೃದಯದ ಕವಾಟ ಪರೀಕ್ಷಿಸಬೇಕು. ಎಷ್ಟೋ ಮಂದಿಯಲ್ಲಿ ಇದು ಬಯಲಾಗುವುದು ಗರ್ಭಿಣಿಯಾದ ಮೇಲೆ. ಮದುವೆಯಾದವಳಾದರೆ ಸುಸ್ತಿನ ಕಾರಣ ಗರ್ಭವೇ ಆಗಿರಬಹುದು, ಅದು ಸಂತೋಷದ ಸುದ್ದಿ. ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್ ಬಂದು ಹೋದವರಲ್ಲಿ ಸುಸ್ತು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಲರ್ಜಿ, ಶೀತಕ್ಕೆಂದು ದಿನಾ ತೆಗೆದುಕೊಳ್ಳುವ ಮಾತ್ರೆಯೂ ತೂಕಡಿಕೆ ತರುತ್ತದೆ.

ಮೊಬೈಲ್ ವಿಷಯದಲ್ಲಿ ತಂದೆಯಂದಿರ ಮಾತಿನಲ್ಲೂ ಸತ್ಯವಿದೆ. ರಾತ್ರಿ ಎರಡಕ್ಕೆ ಮಲಗಿ ಫಜ್ರ್‌ಗೆ ಎದ್ದವನಿಗೆ ಯಾವ ರಕ್ತ ಪರೀಕ್ಷೆಯೂ ಬೇಡ, ಏಳು ಗಂಟೆಯ ನಿದ್ದೆ ಬೇಕು. ಆದರೆ ಬೇಗ ಮಲಗಿಯೂ ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ಕಟ್ಟಿದಂತಾಗಿ, ಬೆಳಿಗ್ಗೆ ತಲೆ ಭಾರವೆನ್ನುವ ದಪ್ಪ ಮೈಯ ಹುಡುಗನಿಗೆ ಬೇಕಾದುದು ಬೈಗುಳವಲ್ಲ. ಅದು ನಿದ್ದೆಯಲ್ಲಿ ಉಸಿರಾಟ ನಿಲ್ಲುವ ಕಾಯಿಲೆಯಾಗಿರಬಹುದು.

ಎಲ್ಲ ವರದಿಗಳೂ ಸರಿಯಿವೆ ಎಂದ ಕೂಡಲೇ "ನೋಡಿದಿರಾ, ಎಲ್ಲ ನಾಟಕ" ಎಂದುಬಿಡುವುದು ಅನ್ಯಾಯ. ಖಿನ್ನತೆಗೂ ಮೊದಲ ಮುಖ ಸುಸ್ತೇ. ಗಂಡ ಗಲ್ಫಿನಲ್ಲಿದ್ದು ಕೂಡು ಕುಟುಂಬದಲ್ಲಿ ಒಂಟಿಯಾದವಳು, ಹೆರಿಗೆಯಾಗಿ ಎರಡು ತಿಂಗಳಾದರೂ ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದವಳು, ವರ್ಷಗಳಿಂದ ಬಂದವರ ಮುಂದೆ ಚಹಾದ ತಟ್ಟೆ ಹಿಡಿದು ನಿಂತು ಬೇಸತ್ತವಳು, ಇವರು ಯಾರೂ ಬೇಸರವೆಂದು ಹೇಳುವುದಿಲ್ಲ, ಸುಸ್ತು ಎನ್ನುತ್ತಾರೆ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವೆನಿಸಿ ಎರಡು ವಾರ ಕಳೆದರೆ ಡಾಕ್ಟರರಲ್ಲಿ ಮಾತಾಡಬೇಕು. ಮನೆಯಿಂದ ಹೊರಗೆ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಏನೂ ಕಾರಣ ಸಿಗದೆ ಆರು ತಿಂಗಳು ಮೀರಿಯೂ ಸುಸ್ತು ಉಳಿಯುವ, ಸ್ವಲ್ಪ ಕೆಲಸ ಮಾಡಿದರೆ ಮರುದಿನ ಹಾಸಿಗೆ ಹಿಡಿಯುವ ಕಾಯಿಲೆಯೂ ವೈದ್ಯಶಾಸ್ತ್ರದಲ್ಲಿದೆ. ಅದಕ್ಕೆ ಪರೀಕ್ಷೆಯಿಲ್ಲವೆಂದ ಮಾತ್ರಕ್ಕೆ ಅದು ಸುಳ್ಳಲ್ಲ.

ಉಪವಾಸದ ಬಗ್ಗೆ ಒಂದು ಮಾತು. ಹಿಮೋಗ್ಲೋಬಿನ್ ಏಳಕ್ಕಿಳಿದು ತಲೆ ಸುತ್ತುತ್ತಿದ್ದರೂ "ಜನ ಏನೆನ್ನುತ್ತಾರೆ" ಎಂದು ಉಪವಾಸ ಹಿಡಿಯುವ ಹುಡುಗಿಯರಿದ್ದಾರೆ. ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಇರುವುದು ಬಳಸಲಿಕ್ಕೆ. ಮುಟ್ಟಿನಿಂದಾಗಿ ಬಾಕಿ ಉಳಿದ ಉಪವಾಸಗಳನ್ನು ಶಅಬಾನಿನ ಕೊನೆಗೆ ಒಟ್ಟಿಗೆ ಹಿಡಿದು, ಸುಸ್ತಾಗಿಯೇ ರಮಝಾನ್‌ಗೆ ಕಾಲಿಡುವ ಬದಲು ವರ್ಷದ ಉದ್ದಕ್ಕೂ ಹಂಚಿಕೊಳ್ಳಬಹುದು.

ಡಾಕ್ಟರರ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಸ್ತು ಯಾವಾಗ ಆರಂಭವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ತೂಕ ಏರಿತೋ ಇಳಿಯಿತೋ, ಮುಟ್ಟು ಎಷ್ಟು ದಿನ, ಈಗ ತೆಗೆದುಕೊಳ್ಳುವ ಮಾತ್ರೆಗಳು ಯಾವುವು. ಮಗಳ ಬದಲು ತಾಯಿಯೇ ಎಲ್ಲ ಉತ್ತರ ಕೊಡುವುದನ್ನು ಸ್ವಲ್ಪ ತಡೆದುಕೊಳ್ಳಿ, ಅವಳಿಗೆ ಡಾಕ್ಟರರಲ್ಲಿ ಎರಡು ನಿಮಿಷ ಒಂಟಿಯಾಗಿ ಮಾತಾಡಲು ಬಿಡಿ. ಸಂಪೂರ್ಣ ರಕ್ತಕಣ ಎಣಿಕೆ, ಟಿ.ಎಸ್.ಎಚ್., ಸಕ್ಕರೆ, ಮೂತ್ರ, ಸಾಮಾನ್ಯವಾಗಿ ಆರಂಭ ಇಷ್ಟರಿಂದಲೇ. ಜಾಹೀರಾತಿನಲ್ಲಿ ಬರುವ ಎಂಬತ್ತು ಪರೀಕ್ಷೆಗಳ ಪ್ಯಾಕೇಜಿಗೆ ಹಣ ಸುರಿಯಬೇಕಾಗಿಲ್ಲ. ವರದಿಗಳನ್ನು ಕಪಾಟಿನ ಮೇಲೆಸೆಯದೆ ಮಗಳ ಹೆಸರಿನಲ್ಲೊಂದು ಫೈಲು ಮಾಡಿ, ಮದುವೆಯಾಗಿ ಹೋಗುವಾಗ ಬಟ್ಟೆಗಳ ಜೊತೆ ಅದನ್ನೂ ಪೆಟ್ಟಿಗೆಯಲ್ಲಿಡಿ. ಕಳೆದ ವರ್ಷದ 11.8 ಮತ್ತು ಈ ವರ್ಷದ 9.6ನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಹೊಸ ಊರಿನ ಡಾಕ್ಟರರಿಗೂ ಅರ್ಧ ಕತೆ ತಿಳಿಯುತ್ತದೆ.